ಹೊಕ್ಕುಳ ಬೆಳ್ಳಿ

"ಬೆಳ್ಳಿ ನೀವೇ ಮಡಿಕ್ಕಳಿ ಸಾಮಿ. ಒಳಗಿರೋದು ಮಾತ್ರ ಬಿಡಿಸಿ ಕೊಟ್ಬುಡಿ."

ಅಂಜಿನಮ್ಮ ಮಾರಲೆಂದು ಗಾಜಿನ ಕೌಂಟರಿನ ಮೇಲೆ ಇಟ್ಟದ್ದು ಎಳೆಮಗುವಿನ ಉಡಿದಾರ. ಸವೆದು ಕಪ್ಪಿಟ್ಟ ಬೆಳ್ಳಿಯ ಎಳೆ. ಅದರ ನಡುವೆ, ಎರಡೂ ತುದಿಗೆ ಅರಗು ಮೆತ್ತಿದ ಪುಟ್ಟ ತಾಯತ. ಅದರೊಳಗಿದ್ದದ್ದು ಒಣಗಿದ ಹೊಕ್ಕುಳಬಳ್ಳಿ. ಮಗುವಿನ ಮೈಯಿಂದ ಅದು ಉದುರಿದ ದಿನ ಎತ್ತಿಟ್ಟು, ಬೆಳ್ಳಿಯೊಳಗೆ ತುಂಬಿ, ಮಗುವಿನ ನಡುವಿಗೇ ಕಟ್ಟುವುದು ಅವಳ ಕಡೆಯ ರೂಢಿ.

ಕೌಂಟರಿನ ಹಿಂದಿದ್ದ ಶಿವಪ್ರಕಾಶ ತಕ್ಕಡಿಯ ಅಂಕಿ ನೋಡಿದ. "ತಾಯತದ ಕೊಳೆಗೆ ಮೂರು ಗ್ರಾಂ ಕಳೀತೀನಮ್ಮ."

"ಕಳೀರಿ. ಕಳೆದ್ಮ್ಯಾಕೆ ಅದು ನಿಮ್ದಲ್ಲ ತಾನೆ? ನಂಗೆ ಕೊಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆರ್.ಟಿ. ನಗರದ ಆ ಬೆಳ್ಳಿ ಅಂಗಡಿಯ ಸಾಲು ಮೆಟ್ಟಿಲಿಳಿದು ಫುಟ್‌ಪಾತಿನವರೆಗೆ ಬೆಳೆದಿತ್ತು. ಶಿವಪ್ರಕಾಶನಿಗೆ ಮುಖ ಬಿಸಿಯಾಯಿತು.

"ಒಂದೊಂದೇ ಅರಗು ಕೆರೀತಾ ಕೂತ್ರೆ ಅಂಗಡಿ ನಡೆಸೋದು ಹೆಂಗೆ? ಮಗೂದು ಕೂದಲೋ ಉಗುರೋ ಇಟ್ಕೊಳ್ಳಿ, ಹೋಗಿ."

"ಮಗಳಿಲ್ಲ ಸಾಮಿ. ಜ್ವರ ಬಂದು ಓಗ್ಬುಡ್ತು, ಎಲ್ಡು ವರ್ಸಾತು. ಅವಳ ಮೈಯಿಂದು ಅಂತ ಉಳ್ದಿರೋದು ಅದೊಂದೇಯ."

ಅವನ ಕೈ ಒಂದು ಗಳಿಗೆ ತಡೆಯಿತು. ಆದರೆ ಸಾಲು ನೋಡುತ್ತಿತ್ತು. "ಹಂಗಾದ್ರೆ ಕುಲುಮೆಗೆ ಹೋಗಿ ಬೂದಿ ಇಸ್ಕೊಳ್ಳಿ."

ಅವಳು ಕೂಗಾಡಲಿಲ್ಲ. ಮಣ್ಣು ತೂರಲಿಲ್ಲ. ಕೌಂಟರಿನ ಅಂಚು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: "ಬೆಂಕಿಗಾಕ್ಬೇಡಿ. ಮನೆ ಸುಟ್ರೆ ಒಳಗಿರೋರು ಬೀದಿಗೆ ಬೀಳ್ತಾರೆ. ಅದು ಇನ್ನೊಂದು ಒಕ್ಕುಳ ಉಡುಕ್ಕೊಂಡು ಓಯ್ತದೆ."

"ಅಡ್ರೆಸ್ ಗೊತ್ತಿರಬೇಕಲ್ಲ ಅದಕ್ಕೆ?" ಎಂದ ಶಿವಪ್ರಕಾಶ. ಈ ಸಲ ಸಾಲು ಅವನ ಪರವಾಗಿ ನಕ್ಕಿತು. ಅಂಜಿನಮ್ಮ ಚೀಟಿಯಲ್ಲಿ ಮಾಕಳಿಯ ತನ್ನ ವಿಳಾಸ ಬರೆಸಿ, ಹೆಬ್ಬೆಟ್ಟೊತ್ತಿ, ಕೊಟ್ಟಷ್ಟು ಹಿಡಿದು ಹೋದಳು.

ಆ ತಿಂಗಳು ಊರಿಗೇ ಭಯ ಹಿಡಿದಿತ್ತು. ಒಂದು ಸಹಕಾರ ಸಂಘ ರಾತ್ರೋರಾತ್ರಿ ಶಟರ್ ಎಳೆದಿತ್ತು. ಗಾರ್ಮೆಂಟ್ಸುಗಳು ಗೇಟಿಗೆ ನೋಟಿಸು ಅಂಟಿಸಿದ್ದವು. ಇದ್ದವರು ಹೆದರಿ ಬೆಳ್ಳಿ ಕೊಂಡರು, ಇಲ್ಲದವರು ಹೆದರಿ ಬೆಳ್ಳಿ ಮಾರಿದರು. ಈ ಎರಡು ಭಯಗಳ ನಡುವೆ ಕೂತು ಅಂಗಡಿ ಕೊಬ್ಬಿತು. ಹೆಂಗಸರ ಕಾಲಿನಿಂದ, ಮಕ್ಕಳ ಸೊಂಟದಿಂದ ಬಂದದ್ದು ಕುಲುಮೆ ಹಾದು ಬೆಳ್ಳಿಗಟ್ಟಿಯಾಗಿ ಇದ್ದವರ ಲಾಕರು ಸೇರುತ್ತಿತ್ತು. "ಕಾಗದ ಸುಡುತ್ತೆ, ಬ್ಯಾಂಕು ಮುಳುಗುತ್ತೆ. ಬದುಕು ಗಟ್ಟಿಯಾಗ್ಬೇಕಾ? ಗಟ್ಟಿ ಕೊಳ್ಳಿ," ಎಂದು ಶಿವಪ್ರಕಾಶ ದಿನಕ್ಕೆ ನೂರು ಸಲ ಹೇಳುತ್ತಿದ್ದ. ಮಾಟಗಾರರು ಸ್ಮಶಾನದಲ್ಲಿ ಕೂರುತ್ತಾರೆನ್ನುವ ಜನ, ಏಸಿ ಹಾಕಿಕೊಂಡು ಕೂತವರನ್ನು ಮಾಟಗಾರರೆನ್ನುವುದಿಲ್ಲ.

ಅವನು ಕಲಬುರಗಿಯಿಂದ ಬಂದು ಈ ಅಂಗಡಿಗೆ ಮ್ಯಾನೇಜರಾಗಿ ಮೂರು ತಿಂಗಳಾಗಿತ್ತು. ಹೆಂಡತಿ ಅಕ್ಷಯಾ ಹೆತ್ತು ನಾಲ್ಕು ದಿನ. ತವರಿನಲ್ಲಿ ನೋಡುವವರಿಲ್ಲದೆ ಬಾಣಂತನ ಸಂಜಯನಗರದ ಬಾಡಿಗೆ ಮನೆಯಲ್ಲೇ ನಡೆದಿತ್ತು. ಹೆಣ್ಣುಮಗು. ಹೊಕ್ಕುಳ ಇನ್ನೂ ಉದುರಿರಲಿಲ್ಲ.

ಮರುದಿನ ಯಶವಂತಪುರದ ಕುಲುಮೆಯಲ್ಲಿ ಮುದುಕ ನಾಗಲಿಂಗಪ್ಪ ಆ ತಾಯತವನ್ನು ಬೆರಳಲ್ಲಿ ಹೊರಳಿಸಿ ನೋಡಿ ಪಕ್ಕಕ್ಕಿಟ್ಟ.

"ಇದನ್ನ ಒಡೀದೆ ಕರಗಿಸೋಹಾಗಿಲ್ಲ ಸಾರ್. ನಮ್ಮಪ್ಪನ ಕಾಲದಿಂದ್ಲೂ."

"ನಿಮ್ಮಪ್ಪನ ಕಾಲದಲ್ಲಿ ರೇಟು ಗಂಟೆಗೊಂದ್ಸಲ ಏರ್ತಿರ್ಲಿಲ್ಲ ಯಜಮಾನ್ರೇ. ಹಾಕಿ."

ನಾಗಲಿಂಗಪ್ಪ ಇಕ್ಕಳವನ್ನು ನೆಲಕ್ಕಿಟ್ಟು ಎದ್ದು ನಿಂತ. ಶಿವಪ್ರಕಾಶನೇ ಅದನ್ನೆತ್ತಿ, ತಾಯತವನ್ನು ಉಳಿದ ಹಳೆಬೆಳ್ಳಿಯ ಜೊತೆ ಮೂಸೆಗೆ ಹಾಕಿದ.

ಮೊದಲು ಅರಗು ಸೀದ ವಾಸನೆ. ಆಮೇಲೆ ಕೂದಲು ಸುಟ್ಟ ಕಮಟು. ಕೊನೆಗೆ, ಹಾಲು ಉಕ್ಕಿ ಬೆಂಕಿಗೆ ಬಿದ್ದಂಥ ಸಿಹಿಗಮರು. ಕೆಂಪಗೆ ಕುದಿಯುವ ಲೋಹದೊಳಗಿಂದ ಮಗು ಬಿಕ್ಕಿದಂತೆ ಒಂದು ಸದ್ದು ಬಂತು. ಮುದುಕ ಕಿವಿ ಮುಚ್ಚಿಕೊಂಡ.

ಅಚ್ಚಿನಿಂದ ಹೊರಬಂದ ಅರ್ಧ ಕಿಲೋ ಗಟ್ಟಿಯ ನಟ್ಟನಡುವೆ ಒಂದು ಕುಳಿಯಿತ್ತು, ಬೆರಳ ತುದಿ ಕೂರುವಷ್ಟು. ಬೆಳ್ಳಿ ಆರುವಾಗ ಕುಸಿಯುತ್ತದೆ, ಅಷ್ಟೇ. ಮತ್ತೆ ಕರಗಿಸಿದರು. ಅದೇ ಜಾಗ, ಅದೇ ಕುಳಿ. ಗಿರಾಕಿಗಳು ಮುಟ್ಟಲಿಲ್ಲ. ಕಡೆಗೆ ಮಾಲೀಕ ಕಡಿಮೆ ದರಕ್ಕೆ ಬಿಟ್ಟುಕೊಟ್ಟ. ಶಿವಪ್ರಕಾಶ ಉಳಿಸಿದ್ದನ್ನೆಲ್ಲ ಸುರಿದು ತಾನೇ ಕೊಂಡ. ತಾನು ಹೇಳುತ್ತಿದ್ದುದನ್ನು ತಾನೇ ನಂಬಿಬಿಟ್ಟಿದ್ದ. ಮಗಳ ಹೆಸರಿಗೆ ಇರಲಿ ಎಂದು ಬಾಣಂತಿ ಕೋಣೆಯ ಬೀರುವಿನಲ್ಲಿಟ್ಟ.

ಅಲ್ಲಿಂದ ಶುರುವಾಯಿತು.

ಮಗುವಿಗೆ ಹದಿನೈದು ದಿನ. ಹೊಕ್ಕುಳ ಉದುರಲಿಲ್ಲ. ಡಾಕ್ಟರು ಕೆಲವು ಮಕ್ಕಳಿಗೆ ತಡ ಎಂದರು. ಇಪ್ಪತ್ತು ದಿನ. ಒಣಗಬೇಕಾದ ಬಳ್ಳಿ ಹಸಿಯಾಗುತ್ತ ಹೋಯಿತು. ಅದರ ಮೇಲೆ ಬಸವನಹುಳು ಹರಿದಂಥ ಬೆಳ್ಳನೆಯ ಹೊಳಪು. ಮಗು ಕುಡಿದಷ್ಟೂ ಸೊರಗಿತು.

ಇಪ್ಪತ್ತೊಂದನೆಯ ದಿನ, ನಡುಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕೋಣೆಯಲ್ಲಿ ಮಾತ್ರ ಕಿಟಕಿಗೆ ಕಂಬಳಿ ಬಡಿದು ಕವಿಸಿದ ಕತ್ತಲು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಎಣ್ಣೆಯ ಘಾಟು. ಊಟಕ್ಕೆ ಬಂದವನ ತೋಳನ್ನು ಅಕ್ಷಯಾ ಗಟ್ಟಿಯಾಗಿ ಹಿಡಿದಳು.

"ರೀ, ಬೀರುವಿನಾಗ ಏನೋ ಬಡ್ಕೊಳ್ಳಾಕತ್ತದ."

"ನಿದ್ದಿಗೆಟ್ಟು ಹಂಗ ಅನಸ್ತದ."

"ಮಗಳ ಎದಿ ಹ್ಯಾಂಗ ಬಡೀತದೋ, ಹಂಗ. ಕಿವಿ ಇಡ್ರಿ."

ಅವನು ನಗುತ್ತಲೇ ಬೀರು ತೆರೆದ. ನಗು ಅಲ್ಲೇ ಸತ್ತಿತು. ಗಟ್ಟಿ ಬೆಚ್ಚಗಿತ್ತು. ಕುಳಿಯಲ್ಲಿ ಒಂದು ಹನಿ ಹಾಲು. ಬೆರಳಿಟ್ಟ. ಒಳಗಿಂದ ಏನೋ ಬೆರಳನ್ನು ಚೀಪಿತು.

ಗಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿ ಹೊರಗೋಡಿದ. ಸಿಕ್ಕ ಬೆಲೆಗೆ ಮಾರಬೇಕು. ಹೊಸ್ತಿಲು ದಾಟಿದ್ದೇ ತಡ, ಒಳಗೆ ಅಕ್ಷಯಾ ಚೀರಿದಳು. ಮಗು ನೀಲಿಗಟ್ಟಿತ್ತು. ಹೊಕ್ಕುಳಿಂದ ರಕ್ತ. ಅವನು ಒಳಗೆ ಬಂದ. ಉಸಿರು ಬಂತು. ಹೊರಗೆ ಹೋದ. ಉಸಿರು ನಿಂತಿತು. ಮೂರನೆಯ ಸಲ ನೋಡುವ ಧೈರ್ಯ ಬರಲಿಲ್ಲ. ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು: ಬೆಳ್ಳಿ ಮತ್ತೆ ದಾಖಲೆ ಮುಟ್ಟಿತ್ತು. ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಮಾರಬಹುದೆಂದು ಊರಿಗೇ ಪಾಠ ಹೇಳಿದವನ ಬೆಳ್ಳಿ, ಮಗುವನ್ನು ಬಿಟ್ಟು ಅವನ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಅಂಗಡಿಗೆ ಫೋನು ಮಾಡಿ ಚೀಟಿ ತೆಗೆಸಿದ. ಅಂಜಿನಮ್ಮ, ಮಾಕಳಿ. ಮಗುವನ್ನೂ ಗಟ್ಟಿಯನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಅಕ್ಷಯಾ ಗಂಡನ ಜೊತೆ ಆಟೋ ಹತ್ತಿದಳು. ತುಮಕೂರು ರಸ್ತೆಯ ಬಿಸಿಗಾಳಿ ಮುಖ ಸುಡುತ್ತಿತ್ತು. ಮಡಿಲಲ್ಲಿ ಬೆಳ್ಳಿ ಬಿಸಿಯಾಗುತ್ತಿತ್ತು. ಮಗು ತಣ್ಣಗಾಗುತ್ತಿತ್ತು.

ಗೋಡೌನಿನ ಹಿಂದೆ ಶೀಟು ಹೊದಿಸಿದ ಮನೆಗಳ ಸಾಲು. ಅಂಜಿನಮ್ಮ ಚಾಪೆಯ ಮೇಲೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಬೆರಳೆಲ್ಲ ಕಪ್ಪು. ಶಿವಪ್ರಕಾಶ ಅವಳ ಕಾಲ ಬಳಿ ಕುಸಿದ.

"ಅಮ್ಮಾ, ನೀವು ಮಾಡಿಸಿದ್ದನ್ನ ತೆಗೆಸಿ. ಏನು ಬೇಕಾದ್ರೂ ಕೊಡ್ತೀನಿ."

"ನಾನೇನ್ ಮಾಡಿಸ್ದೆ ಸಾಮಿ? ಎಲ್ಲಾ ಮಾಡ್ದೋರು ನೀವು."

ಅವಳು ಬಟ್ಟೆ ಸರಿಸಿ ಮಗುವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಾತಾಡಿದ್ದು ಅಕ್ಷಯಾಳ ಜೊತೆ.

"ನಾನ್ ಕರದ್ರೆ ನನ್ ಮಗಳು ಈ ಮೈಗೆ ಬತ್ತಾಳೆ ತಾಯಿ. ಬಂದೋಳ್ನ ಓಗು ಅನ್ನಾಕೆ ನನ್ ಕೈಲಾಗಕ್ಕಿಲ್ಲ. ಇಂಗೇ ಬಿಟ್ರೆ ನಿನ್ ಕೂಸು ಉಳಿಯಾಕಿಲ್ಲ. ನೀನೇ ಯೋಳು, ಕರೀಲಾ?"

"ಬ್ಯಾಡ," ಎಂದ ಶಿವಪ್ರಕಾಶ.

ಮಗುವಿನ ತುಟಿ ಕಪ್ಪಾಗಿತ್ತು. "ಕರೀರಿ," ಎಂದಳು ಅಕ್ಷಯಾ. "ಉಸುರಿದ್ರ ಸಾಕು."

ಅಂಜಿನಮ್ಮ ಸತ್ತ ಮಗಳನ್ನು ಹೆಸರು ಹಿಡಿದು ಕೂಗಿದಳು: "ಪಟಾಲೀ..."

ಬೀದಿಯ ನಾಯಿಗಳು ಸುಮ್ಮನಾದವು. ಗಾಳಿ ನಿಂತಿತು. ಗಟ್ಟಿ ಒಮ್ಮೆ ಮಿಡಿಯಿತು. ಇನ್ನೊಮ್ಮೆ. ನಿಂತಿತು. ಕಲ್ಲಿನಂತೆ ತಣ್ಣಗಾಯಿತು. ಮಗುವಿನ ಹೊಕ್ಕುಳಬಳ್ಳಿ ಒಣಗಿದ ನಾರಿನಂತೆ ಕಳಚಿ ಬಿತ್ತು. ಗಾಯವಿಲ್ಲ. ರಕ್ತವಿಲ್ಲ. ತುಟಿಗೆ ಕೆಂಪೇರಿತು. ಮಗು ಅತ್ತಿತು.

ಅಕ್ಷಯಾ ಅಳುತ್ತ ನಗುತ್ತ ಅದನ್ನು ಎದೆಗೊತ್ತಿಕೊಂಡಳು. ಅದು ಬೆನ್ನು ಸೆಟೆಸಿ ಕಿರುಚಿತು, ಅಪರಿಚಿತರ ಕೈಗೆ ಸಿಕ್ಕಂತೆ. ಮೊಲೆ ಬಾಯಿಗಿಟ್ಟಳು. ಉಗುಳಿತು. ಮುಖ ಹೊರಳಿಸಿ, ಅಂಜಿನಮ್ಮನ ಕಡೆ ಎರಡೂ ಕೈ ಚಾಚಿತು.

ಎರಡು ವರ್ಷದಿಂದ ಬತ್ತಿದ್ದ ಎದೆ. ಅಂಜಿನಮ್ಮನ ರವಿಕೆ ನೆನೆದು ಹೋಗಿತ್ತು. ಮಗು ಅವಳ ಮಡಿಲಿಗೆ ಬಂದದ್ದೇ ಕಚ್ಚಿ ಹಿಡಿಯಿತು. ಪುಟ್ಟ ಕೈ ಮೇಲೇರಿ ಅವಳ ಕಿವಿಯ ಹಾಲೆ ಹುಡುಕಿ, ಹಿಡಿದು, ತಿಕ್ಕತೊಡಗಿತು.

"ಇಂಗೇಯ," ಎಂದಳು ಅಂಜಿನಮ್ಮ. "ಇಂಗೇ ಕಿವಿ ಇಡ್ಕಂಡು ಕುಡೀತಿದ್ಲು."

ಶಿವಪ್ರಕಾಶ ಗಟ್ಟಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. "ಇದನ್ನ ತಗೊಳ್ಳಿ. ಮಗು ಕೊಡಿ."

ಅದರತ್ತ ಯಾರೂ ನೋಡಲಿಲ್ಲ.

"ಅಕ್ಷಯಾ, ಏಳು. ಹೋಗೋಣ."

"ಎಲ್ಲಿಗಿ?"

ಅಂಜಿನಮ್ಮ ಊದುಬತ್ತಿಯ ಹಲಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಚಾಪೆಯಲ್ಲಿ ಜಾಗ ಮಾಡಿದಳು. "ಕುಂತ್ಕೊ ತಾಯಿ. ಬಾಣಂತಿ, ನಿಂತ್ಕಾಬಾರ್ದು." ಅಕ್ಷಯಾ ಅವಳ ಭುಜಕ್ಕೆ ಭುಜ ತಾಗುವಂತೆ ಕೂತು, ಮಗುವಿನ ಪಾದವನ್ನು ಬೆರಳಿನಿಂದ ಮುಟ್ಟಿದಳು. ಅದು ಅಷ್ಟಕ್ಕೆ ಸುಮ್ಮನಿತ್ತು.

ಶಿವಪ್ರಕಾಶ ಬಾಗಿ ನೋಡಿದ. ಮಗು ಕುಡಿಯುವುದನ್ನು ಬಿಟ್ಟು ಕಣ್ಣು ತೆರೆಯಿತು. ಅವನ ಮುಖವನ್ನು ನೇರವಾಗಿ ದಿಟ್ಟಿಸಿತು. ಬೆಂಕಿ ಕಂಡಂತೆ ಕಿಟಾರನೆ ಚೀರಿತು.

"ಹೊರಗ ಹೋಗ್ರಿ," ಎಂದಳು ಅಕ್ಷಯಾ, ತಲೆಯೆತ್ತದೆ.