ಎಡಗಡೆಯ ಸೀಟು

ಹೈದರಾಬಾದಿಗೆ ಐಟಿ ಕಂಪನಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ. ಆಫೀಸಿನವರು ಮೂರು ಜೀಪುಗಳಲ್ಲಿ ನಲ್ಲಮಲ ಕಾಡಿನ ಆಚೆಯ ಕಲ್ಲುಬಯಲಿಗೆ ಟೆಂಟು ಹಾಕಲು ಹೊರಟಿದ್ದೆವು. ನನ್ನ ಹಳೆಯ ಜೀಪು ಕೊನೆಯಲ್ಲಿತ್ತು. ಧೂಳು ತಡೆಯಲಾರದ ಹೆಂಡತಿ ವಿಜಯಶ್ರೀ, ಚಹಾಕ್ಕೆ ನಿಂತಾಗ ಇಳಿದು ಮುಂದಕ್ಕೆ ಹೋದಳು. ಆಮೇಲೆ ಮಧ್ಯಾಹ್ನವಿಡೀ ಒಬ್ಬನೇ ಜೀಪು ಓಡಿಸುತ್ತ, ನನ್ನೆದುರಿನ ಏಸಿ ಗಾಡಿಯಲ್ಲಿ ಸಹೋದ್ಯೋಗಿ ಸೂರ್ಯಕಾಂತನ ಕಡೆಗೆ ವಾಲಿ ನಗುತ್ತಿದ್ದ ಅವಳ ತಲೆಯನ್ನೇ ನೋಡುತ್ತ ಹೊಟ್ಟೆ ಉರಿಸಿಕೊಂಡೆ.

ಸಂಜೆ ಗಾಡಿಗಳು ನಿಂತಾಗ ಸೂರ್ಯಕಾಂತ ಒಬ್ಬನೇ ಇಳಿದ.

"ವಿಜಯಶ್ರೀ ಎಲ್ಲದಾಳ್ರಿ?" ಎಂದೆ.

"ವೈನಿ ನಿಮ್ಮ ಗಾಡಿಯಾಗ ಅದಾರಲ್ರಿ. ಹಿಂದಿನ ಗಾಡಿ ಕನ್ನಡಿಯಾಗ ನೋಡ್ಕೋತ ಹೋಗಬೇಕು ಅಂತ ನಾವೇ ಠರಾಯಿಸೇವಲ್ಲ. ದಾರಿತುಂಬ ನಿಮ್ಮ ಭುಜಕ್ಕ ಒರಗಿ ಕುಂತಿದ್ರು. ನಮ್ಮಾಕಿ ಎಂದೂ ಹಂಗ ಕುಂತಿಲ್ರಿ. ಭಾಳ ಹೊಟ್ಟಿಕಿಚ್ಚಾತು."

ಅಷ್ಟರಲ್ಲಿ ಮೊದಲನೆಯ ಜೀಪಿನಿಂದ ವಿಜಯಶ್ರೀ ಕಣ್ಣುಜ್ಜುತ್ತ ಇಳಿದಳು. ಚಹಾದ ನಂತರ ಅಲ್ಲೇ ಆಫೀಸಿನ ಶೋಭಾಳ ಪಕ್ಕದಲ್ಲಿ ಮಲಗಿಬಿಟ್ಟಿದ್ದಳಂತೆ.

ನನ್ನ ಜೀಪಿನೊಳಗೆ ಎಲ್ಲೆಲ್ಲೂ ಕೆಂಪು ಧೂಳು ಕೂತಿತ್ತು. ಎಡಗಡೆಯ ಸೀಟಿನ ಮೇಲೆ ಮಾತ್ರ ಒಂದು ಕಣವೂ ಇರಲಿಲ್ಲ. ಮುಟ್ಟಿದರೆ, ಆ ಬಿಸಿಲಿಗೆ ಕಾದ ಗಾಡಿಯಲ್ಲಿ ಅದೊಂದೇ ತಣ್ಣಗಿತ್ತು.

ನನ್ನ ಹಿಂದೆ ನಿಂತಿದ್ದ ವಿಜಯಶ್ರೀ ಸೀಟನ್ನೂ ನನ್ನನ್ನೂ ನೋಡಿದಳು. "ಇಲ್ಲಿ ಯಾವಾಕಿ ಕುಂತಿದ್ಲು? ಖರೆ ಹೇಳ್ರಿ" ಎಂದಳು.

ತಾರ್ನಾಕದ ನಮ್ಮ ಮನೆಯಲ್ಲಿ ಅವಳು ಇವತ್ತಿಗೂ ಅದನ್ನೇ ಕೇಳುತ್ತಾಳೆ.