ಮೂರು ಊದುಗೊಳವೆ, ಒಂದು ಓಕುಳಿಯುಂಡೆ

ಬಹಳ ಬಹಳ ಹಿಂದೆ, ಗಿಡಮರಗಳೂ ಹರಟೆ ಹೊಡೆಯುತ್ತಿದ್ದ ಕಾಲದಲ್ಲಿ, ಓಕುಳಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಜನ ಅರಗಿನ ತೆಳು ಉಂಡೆಯೊಳಗೆ ಬಣ್ಣದ ನೀರು ತುಂಬಿ, ಊದುಗೊಳವೆಯಲ್ಲಿಟ್ಟು, ಉಫ್ ಎಂದು ಊದಿ ಒಬ್ಬರಿಗೊಬ್ಬರು ಹೊಡೆದು ಹಬ್ಬ ಮಾಡುತ್ತಿದ್ದರು. ಕೊಳವೆ ಎಷ್ಟು ಉದ್ದವೋ ಅಷ್ಟು ಮರ್ಯಾದೆ. ರಾಜನ ಕೊಳವೆ ಹೊರಲು ಎಂಟು ಜನ, ಮಂತ್ರಿಯದಕ್ಕೆ ನಾಲ್ಕು ಜನ. ಅವುಗಳಿಂದ ಯಾರಿಗಾದರೂ ಉಂಡೆ ತಗುಲಿದ್ದನ್ನು ಕಂಡವರಿಲ್ಲ. ದೊಡ್ಡವರ ಕೊಳವೆ, ಕೇಳುವವರು ಯಾರು?

ಆ ಊರಿನಲ್ಲಿ ಉಂಡೆ ಮಾಡುವವಳು ಸಾತಿ. ತಂದೆತಾಯಿ ಇಲ್ಲದ ಅವಳನ್ನು ಅಣ್ಣ ಈರಣ್ಣನೇ ಎತ್ತಿ ಆಡಿಸಿ ಸಾಕಿದ್ದ. ಒಂದು ದಿನ ಧೂಮಕೇಶಿ ಎಂಬ ಮಾಂತ್ರಿಕ ಮಾಯೆಯಿಂದ ಯಾರ ಕಣ್ಣಿಗೂ ಕಾಣದಂತಾಗಿ ಅವರ ಮನೆಗೆ ನುಗ್ಗಿ ಹೋಳಿಗೆ ಕದಿಯುತ್ತಿದ್ದಾಗ, ಈರಣ್ಣ ತಡಕಾಡಿ ಅವನ ಜುಟ್ಟು ಹಿಡಿದ. ಮಾಂತ್ರಿಕನಿಗೆ ಸಿಟ್ಟು ನೆತ್ತಿಗೇರಿತು. ಈರಣ್ಣನನ್ನು ಕೊಕ್ಕರೆ ಮಾಡಿಬಿಟ್ಟ.

ಸಾತಿ ಬೇಡಿದಳು, ಬೈದಳು, ಮಣ್ಣು ತೂರಿದಳು. ಗಾಳಿಯೊಳಗಿಂದ ನಗು ಕೇಳಿಸಿತು.

"ನಾಳೆ ಮಧ್ಯಾಹ್ನ ಕೋಟೆಯ ಬುರುಜಿನ ಮೇಲೆ ಕೂತಿರ್ತೇನೆ. ಮೂರು ಸಲ ಊದು. ಒಂದೇ ಒಂದು ಉಂಡೆ ನನ್ನ ಮೈಮೇಲೆ ಒಡೆದರೆ ನನ್ನ ಮಾಯೆಯೆಲ್ಲ ಮುಗೀತು. ಮೂರೂ ತಪ್ಪಿದರೆ ನಿನ್ನಣ್ಣ ಕಡೇತನಕ ಕೊಕ್ಕರೆ."

ಮರುದಿನ ಊರಿಗೆ ಊರೇ ನೆರೆಯಿತು. ಸಾತಿ ಉಂಡೆಗಳ ಬುಟ್ಟಿ ಹೊತ್ತು, ಮೊಳದುದ್ದದ ಬಿದಿರಿನ ಕೊಳವೆ ಹಿಡಿದು ಬಂದಳು. ಬುರುಜಿನ ಮೇಲೆ ಯಾರೂ ಕಾಣಲಿಲ್ಲ. ಆದರೆ ಅಗಿದ ಕಬ್ಬಿನ ಸಿಪ್ಪೆ ಮಾತ್ರ ಬರಿಗಾಳಿಯಿಂದ ಉದುರುತ್ತಿತ್ತು. ಕಳ್ಳ ಅಲ್ಲೇ ಕೂತಿದ್ದ.

"ಛೀ, ಬಿದಿರೇ? ರಾಜ್ಯದ ಮಾನ ಏನಾಗಬೇಕು?" ಎಂದ ಮಂತ್ರಿ. "ಮೊದಲು ಮಹಾರಾಜರ ಹಿತ್ತಾಳೆ ಕೊಳವೆ. ಆಮೇಲೆ ನನ್ನ ದಂತದ ಕೊಳವೆ. ಪದ್ಧತಿ ಅಂದರೆ ಪದ್ಧತಿ!"

ಎದುರಾಡುವಂತಿರಲಿಲ್ಲ. ಎಂಟು ಜನ ಹಿತ್ತಾಳೆ ಕೊಳವೆ ಎತ್ತಿ ಹಿಡಿದರು. ಸಾತಿ ಊದಿದಳು. ಒಳಗೆ ಅಷ್ಟು ಅಗಲ; ಉಸಿರೆಲ್ಲ ಉಂಡೆಯ ಪಕ್ಕದಿಂದಲೇ ಜಾರಿಹೋಯಿತು. ಉಂಡೆ ಗಡಗಡ ಉರುಳಿ, ಮುಂದೆ ಹಿಡಿದವನ ಕಾಲಬೆರಳ ಮೇಲೆ ಬಿತ್ತು.

"ಒಂದು!" ಎಂದ ಧೂಮಕೇಶಿ.

ದಂತದ ಕೊಳವೆ ಬಂತು. ಅದರ ತೂತು ಕಿರಿದು. ಉಂಡೆ ಸಿಕ್ಕಿಕೊಂಡಿತು. ಸಾತಿ ಕೆನ್ನೆ ಉಬ್ಬಿಸಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಊದಿದಾಗ ಅದು ಒಳಗೇ ಒಡೆದು, ಹಳದಿ ನೀರೆಲ್ಲ ಮುಂದೆ ನಿಂತಿದ್ದ ಮಂತ್ರಿಯ ಪೇಟದ ಮೇಲೆ ಚಿಮ್ಮಿತು.

"ಎರಡು!"

ಈಗ ಯಾರೂ ನಗಲಿಲ್ಲ. ಕೊಕ್ಕರೆ ಮೆಲ್ಲಗೆ ಬಂದು ಸಾತಿಯ ಪಕ್ಕದಲ್ಲಿ ನಿಂತಿತು.  ಅವಳು ನೆಲದ ಮೇಲೆ ಕೂತು, ಸೆರಗಿನ ತುದಿ ಹರಿದು ಬಿದಿರಿನೊಳಗೆ ಎಳೆದು ಒರೆಸಿದಳು. ಆಮೇಲೆ ಬುಟ್ಟಿಯ ಉಂಡೆಗಳನ್ನು ಒಂದೊಂದಾಗಿ ಕೊಳವೆಯ ಬಾಯಿಗಿಟ್ಟು ನೋಡತೊಡಗಿದಳು. ಒಂದು ಜಾರಿ ಬಿತ್ತು. ಇನ್ನೊಂದು ಒಳಗೇ ಹೋಗಲಿಲ್ಲ.

"ಎಲ್ಲ ಉಂಡೆಯೂ ಒಂದೇ ಅಲ್ಲವೇನೇ?" ಎಂದ ಮಂತ್ರಿ, ಪೇಟ ಹಿಂಡುತ್ತ.

"ಅಲ್ಲ ಬುದ್ಧೀ. ಬಿಸಿಲಿಗೆ ಅರಗು ಉಬ್ಬುತ್ತೆ. ಕೊಳವೆ ಉದ್ದ ಇದ್ದರೆ ಏನು ಬಂತು? ಉಂಡೆಗೂ ಅದಕ್ಕೂ ಹೊಂದಬೇಕು. ತಾನಾಗಿ ಬೀಳಬಾರದು, ಊದಿದರೆ ನಿಲ್ಲಬಾರದು."

"ಸಂಜೆತನಕ ಆರಿಸ್ತೀಯೇನೇ?" ಎಂದು ಬುರುಜು ಕೂಗಿತು.

ಹದಿನೇಳನೆಯ ಉಂಡೆ ಬೀಳಲಿಲ್ಲ, ಬಿಗಿಯಲೂ ಇಲ್ಲ. ಸಾತಿ ಎದ್ದಳು. ಸಿಪ್ಪೆ ಉದುರುವ ಕಡೆ ಕೊಳವೆ ತಿರುಗಿಸಿ ಹದವಾಗಿ ಊದಿದಳು. ಉಂಡೆ ನೆಟ್ಟಗೆ ಹಾರಿತು. ಥಪ್!

ಗಾಳಿಯಲ್ಲಿ ಒಂದು ಕೆಂಪು ಹೊಟ್ಟೆ ಮೂಡಿತು. ಹೊಟ್ಟೆಗೆ ಕೈಕಾಲು ಬಂದವು. ಬಾಯಲ್ಲಿ ಕಬ್ಬು ಕಚ್ಚಿಕೊಂಡ ಕುಳ್ಳ ಮುದುಕನೊಬ್ಬ ಪೆಚ್ಚುಮೋರೆ ಹಾಕಿ ಕೂತಿದ್ದ. ಮಾಯೆ ಹೋದ ಮೇಲೆ ಅವನನ್ನು ಹೆದರಿಸಲು ಒಂದು ಕೋಳಿ ಸಾಕಿತ್ತು. ರಾಜನಿಗೂ ಬುದ್ಧಿ ಬಂತು: ಹಿತ್ತಾಳೆ ಕೊಳವೆಯನ್ನು ಕೆರೆಯ ತೂಬಿಗೆ ಕೊಟ್ಟ, ಧೂಮಕೇಶಿಯನ್ನು ಅರಗು ಕುಟ್ಟುವ ಕೆಲಸಕ್ಕೆ ಹಚ್ಚಿದ.

ಸಾತಿ ಇದೇನನ್ನೂ ನೋಡಲಿಲ್ಲ. ಅವಳ ಹೆಗಲ ಮೇಲೆ ಒಂದು ಕೈ ಬಿದ್ದಿತ್ತು. "ತಂಗೀ," ಎಂದ ಈರಣ್ಣ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರೂ ಹಾಕದ ಸಾತಿ ಅಣ್ಣನ ಎದೆಗೆ ಮುಖವಿಟ್ಟು ಗಟ್ಟಿಯಾಗಿ ಅತ್ತಳು. ಸುತ್ತ ನಿಂತವರೂ ಕಣ್ಣೊರೆಸಿಕೊಂಡರು. ಆಮೇಲೆ ಆ ರಾಜ್ಯದವರೆಲ್ಲ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನಗುನಗುತ್ತ ಬಾಳಿದರು.