ಇಪ್ಪತ್ತಮೂರು ಕೆಂಪು ಚುಕ್ಕೆಗಳು

"ಕಳ್ಳನ ಮುಖ ನೋಡ್ಬೇಕಿತ್ತಲ್ವಾ ಮೇಡಂ? ನೋಡಿ, ನಾನೇ ಬಂದಿದೀನಿ!"

ಧೊಪ್ಪೆಂದು ಹೆಲ್ಮೆಟ್ ಮೇಜಿನ ಮೇಲೆ ಬಿತ್ತು. ಲೋಟದ ಚಹಾ ತುಳುಕಿ ನಸ್ಸಾಲಿಯ ಕಾಗದಗಳ ಕಡೆಗೆ ಹರಿಯಿತು.

ಅವಳು ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಎತ್ತರದ ಆಳು. ಕಂಪಾಲಾದ ಕೆಂಪು ಧೂಳು ಹುಬ್ಬಿನವರೆಗೆ ಮೆತ್ತಿಕೊಂಡಿದೆ. ಕಣ್ಣಲ್ಲಿ ಕೆಂಡ. ಕೈ ಮಾತ್ರ ಜೇಬಿನಿಂದ ಕರವಸ್ತ್ರ ತೆಗೆದು, ಚೆಲ್ಲಿದ ಚಹಾವನ್ನು ಗಡಿಬಿಡಿಯಿಂದ ಒರೆಸುತ್ತಿದೆ!

'ಇದೆಂಥಾ ಮನುಷ್ಯ? ಜಗಳಕ್ಕೆ ಬಂದಿದ್ದಾನೋ, ಮೇಜು ಒರೆಸೋಕೆ ಬಂದಿದ್ದಾನೋ...'

"ಯಾರು ನೀವು?" ದನಿ ಗಟ್ಟಿ ಮಾಡಿಕೊಂಡು ಕೇಳಿದಳು.

"ಲುಬೇಗ. ನಜ್ಜೇರಾ ಸ್ಟೇಜಿನ ಬೋಡಾ ಸವಾರ. ನಾಲ್ಕು ವರ್ಷದಿಂದ ನನ್ನ ಬೋಡಾ ಬೈಕಲ್ಲಿ ನಿಮ್ಮ ಕಂಪನಿ ಪಾರ್ಸೆಲ್ ಹೊರ್ತಿದೀನಿ. ನಿನ್ನೆ ಮೆಸೇಜ್ ಬಂತು. ಪಾರ್ಸೆಲ್ ಕೊಡದೇನೇ ಕೊಟ್ಟೆ ಅಂತ ಬರ್ಕೊಂಡಿದೀನಂತೆ, ಅದಕ್ಕೆ ಕೆಲಸ ಇಲ್ಲವಂತೆ. ಕೆಳಗೆ ನಿಮ್ಮ ಹೆಸರು."

ಹೆಸರು ಅವಳದೇ. ಮೂರು ತಿಂಗಳ ಹಿಂದೆ ಅವಳು ಈ ಕಂಪನಿಗೆ ಪ್ರೋಗ್ರಾಂ ಮ್ಯಾನೇಜರ್ ಆಗಿ ಬಂದಿದ್ದಳು. ಯಾವ ಪಾರ್ಸೆಲ್ ಯಾರ ಬೈಕಿನಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಎಲ್ಲಾ ಅವಳ ಜವಾಬ್ದಾರಿ. ಬಂದವಳೇ ಒಂದು ನಿಯಮ ಮಾಡಿದಳು. ಸವಾರನ ಫೋನು ಗ್ರಾಹಕರ ಮನೆ ಮುಂದೆಯೇ ಇರಬೇಕು. ಇಲ್ಲದಿದ್ದರೆ ನಕ್ಷೆಯ ಮೇಲೆ ಕೆಂಪು ಚುಕ್ಕೆ. ವಾರಕ್ಕೆ ಇಪ್ಪತ್ತು ದಾಟಿದರೆ ಸವಾರ ಮನೆಗೆ. ಲುಬೇಗನ ಹೆಸರಿಗೆ ಇಪ್ಪತ್ತಮೂರು ಇದ್ದವು!

"ಇಪ್ಪತ್ತಮೂರು ಜನದ ಪಾರ್ಸೆಲ್ ಒಂದೇ ಜಾಗದಲ್ಲಿ ಕೊಟ್ಟಿದೀರಿ. ಅದು ಹೇಗೆ ಸಾಧ್ಯ?"

"ಆ ಜಾಗದಲ್ಲಿ ಏನಿದೆ ಅಂತ ಗೊತ್ತಾ ನಿಮಗೆ?"

ಅವಳು ಪರದೆಯ ನಕ್ಷೆ ಹಿಗ್ಗಿಸಿ ನೋಡಿದಳು; ಬರೀ ಕೆಂಪು ಚುಕ್ಕೆಗಳು.

"ಹೋಗ್ಲಿ, ಒಬ್ಬ ಗ್ರಾಹಕರಿಗಾದ್ರೂ ಫೋನ್ ಮಾಡಿ ಕೇಳಿದ್ರಾ?"

ಇಲ್ಲ... ಕೇಳಿರಲಿಲ್ಲ.

"ನಾಳೆ ಎಂಟು ಗಂಟೆಗೆ ನನ್ನ ಬೈಕ್ ಹತ್ತಿ. ಆಮೇಲೂ ನಾನು ಕಳ್ಳ ಅನ್ನಿಸಿದ್ರೆ ಈ ಹೆಲ್ಮೆಟ್ ಇಲ್ಲೇ ಬಿಟ್ಟು ಹೋಗ್ತೀನಿ."

ಬೆಳಗ್ಗೆ ಅವಳು ಹತ್ತು ನಿಮಿಷ ಮೊದಲೇ ಬಂದಳು. ಒಂದು ದಿನದ ಮಟ್ಟಿಗೆ ಅವನಿಗೆ ಹನ್ನೆರಡು ಪಾರ್ಸೆಲ್ ಕೊಡಿಸಿದಳು. 'ಇದು ತನಿಖೆ, ಅಷ್ಟೇ' ಎಂದು ತನಗೆ ತಾನೇ ಹೇಳಿಕೊಂಡಳು. ತನಿಖೆಗೆ ಹೋಗುವವರು ಕಿವಿಗೆ ಹೊಸ ಓಲೆ ಯಾಕೆ ಹಾಕಿಕೊಳ್ಳುತ್ತಾರೋ, ಅದನ್ನು ಅವಳೇ ಹೇಳಬೇಕು.

ನಜ್ಜೇರಾದ ಮೊದಲ ಹಳ್ಳಕ್ಕೇ ಅವಳ ಕೈ ಅವನ ಜಾಕೆಟ್ ಹಿಡಿದುಬಿಟ್ಟಿತು.

"ಹೆದರಿಕೆನಾ ಮೇಡಂ?"

"ನನಗ್ಯಾಕ್ರೀ ಹೆದರಿಕೆ! ಬಿದ್ರೆ ಪಾರ್ಸೆಲ್ ಹಾಳಾಗತ್ತೆ ಅಂತ!"

ಅವನು ನಕ್ಕಿದ್ದು ಬೆನ್ನಿನಿಂದಲೇ ಗೊತ್ತಾಯಿತು.

ಮೊದಲ ಗ್ರಾಹಕಿ ಫೋನ್ ಎತ್ತಿದಳು. "ಅಯ್ಯೋ, ನಾನು ಆಫೀಸಲ್ಲಿದೀನಿ. ಮಾಮಾ ಸಾನ್ಯು ಅಂಗಡೀಲಿ ಕೊಟ್ಬಿಡಿ."

ಎರಡನೆಯವನು ಊರಲ್ಲೇ ಇರಲಿಲ್ಲ. "ಮಾಮಾ ಸಾನ್ಯು ಹತ್ರ ಇಡಪ್ಪಾ, ನನ್ನ ಹೆಂಡ್ತಿ ತಗೋತಾಳೆ."

ಮೂರನೆಯವರು ಸ್ನಾನದ ಮನೆಯಲ್ಲಿದ್ದರು. ನಾಲ್ಕನೆಯವರನ್ನು ಕೇಳುವ ಮೊದಲೇ, "ಮಾಮಾ ಸಾನ್ಯು!" ಎಂದು ನಸ್ಸಾಲಿಯೇ ಹೇಳಿಬಿಟ್ಟಳು.

ಪುಟ್ಟ ಅಂಗಡಿ. ಸೋಪು, ಬ್ರೆಡ್ಡು, ಸಕ್ಕರೆಯ ಪೊಟ್ಟಣಗಳ ಮೇಲೆ ಒಂದು ಉದ್ದನೆಯ ಹಲಗೆ. ಅದರ ತುಂಬ ಕಂಪನಿಯ ಪಾರ್ಸೆಲ್‌ಗಳು! ಮಾಮಾ ಸಾನ್ಯು, ಅಂದರೆ ಸಾನ್ಯುವಿನ ಅಮ್ಮ, ನಸ್ಸಾಲಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಪ್ಪಾ ಲುಬೇಗ, ಇವತ್ತು ದೊಡ್ಡ ಪಾರ್ಸೆಲ್ಲೇ ತಂದಿದೀಯ? ಇದನ್ನೂ ನನ್ ಹತ್ರಾನೇ ಬಿಟ್ಟು ಹೋಗ್ತೀಯಾ, ಇಲ್ಲಾ ನೀನೇ ಇಟ್ಕೋತೀಯಾ?"

"ಮಾಮಾ! ಇವರು ಆಫೀಸಿನ ಮೇಡಂ!"

"ಆಗಿರ್ಲಿ ಬಿಡು, ಆಫೀಸಿನವರಿಗೆ ಮದ್ವೆ ಆಗಲ್ವಾ?"

ನಸ್ಸಾಲಿಯ ಕಿವಿ ಬಿಸಿಯಾಯಿತು. ಮಾತು ಬದಲಿಸಲು, "ಎಲ್ಲರೂ ಇಲ್ಲೇ ತಗೊಂಡು ಹೋಗ್ತಾರಾ?" ಎಂದಳು.

"ಮತ್ತೆ? ಹಗಲಲ್ಲಿ ಮನೇಲಿ ಯಾರಿರ್ತಾರೆ ಮಗಳೇ? ಇವತ್ತಿನವರೆಗೆ ಒಂದೇ ಒಂದು ಪಾರ್ಸೆಲ್ ಕಳೆದಿಲ್ಲ."

ನಸ್ಸಾಲಿ ನಾಚಿಕೆಯಿಂದ ಕುಗ್ಗಿಹೋದಳು. ತಾನಿರುವ ಕಿಸಾಸಿಯಲ್ಲಿ ಅವಳ ಸ್ವಂತ ಪಾರ್ಸೆಲ್‌ಗಳೂ ಮನೆ ಪಕ್ಕದ ಅಂಗಡಿಯಲ್ಲೇ ಇಳಿಯುತ್ತಿದ್ದವು! ಹುಟ್ಟಿದಾಗಿನಿಂದ ನೋಡಿದ್ದನ್ನು ಆಫೀಸಿನ ಕುರ್ಚಿಯಲ್ಲಿ ಕೂತ ಕೂಡಲೇ ಹೇಗೆ ಮರೆತಳೋ...

ಮಧ್ಯಾಹ್ನ ರಸ್ತೆ ಬದಿಯ ಬೆಂಚಿನಲ್ಲಿ ಕೂತು, ಮೊಟ್ಟೆ ಸುತ್ತಿದ ಬಿಸಿ ಚಪಾತಿ ತಿಂದರು.

"ನಿಮ್ಮ ಕೆಲಸ ಆರಾಮಲ್ವಾ ಮೇಡಂ? ಬಿಸಿಲಿಲ್ಲ, ಧೂಳಿಲ್ಲ."

"ಆರಾಮಾ! ಪಾರ್ಸೆಲ್ ತಡ ಆದ್ರೆ ನನಗೆ ಬೈಗುಳ. ಬೇಗ ಬಂದ್ರೆ ಸವಾರನಿಗೆ ಶಹಬ್ಬಾಸ್. ಮೇಲಿನವರಿಗೆ ಲೆಕ್ಕ ಬೇಕು, ಕೆಳಗಿನವರದ್ದು ನೂರೆಂಟು ಕಾರಣ. ನಾನು ಮಧ್ಯದಲ್ಲಿ ಅಡಕತ್ತರಿಗೆ ಸಿಕ್ಕಿದ ಅಡಿಕೆ ಹಾಗೆ. ಭಾನುವಾರ ಚರ್ಚಲ್ಲೂ ಫೋನು!"

"ಮತ್ಯಾಕೆ ಮಾಡ್ತೀರಿ?"

ಅವಳು ಚಪಾತಿಯ ಕೊನೆಯ ತುಂಡನ್ನು ಕಾಗದದಲ್ಲಿ ಸುತ್ತಿಟ್ಟಳು.

"ಒಂದೊಂದು ದಿನ ಎಲ್ಲಾ ಸರಿಯಾಗಿ ನಡೆಯತ್ತೆ. ಎಲ್ಲೋ ಒಬ್ಬಳಿಗೆ ಮಗುವಿನ ಔಷಧಿ ತಲುಪತ್ತೆ, ಇನ್ನೊಬ್ಬಳಿಗೆ ಮದುವೆ ಗೋಮೆಸಿ ಉಡುಪು ತಲುಪತ್ತೆ. ಅವರಿಗೆ ನಾನು ಯಾರಂತಾನೂ ಗೊತ್ತಿಲ್ಲ. ಆದ್ರೂ ಆ ದಿನ ಒಬ್ಳೇ ಕೂತು ನಗ್ತೀನಿ... ಹುಚ್ಚು ಅನ್ಸತ್ತಾ?"

"ಇಲ್ಲ," ಎಂದ ಲುಬೇಗ ಮೆಲ್ಲಗೆ. "ನನಗೂ ಹಾಗೇ ಆಗತ್ತೆ. ಆದ್ರೆ ಯಾರಿಗೂ ಹೇಳಿರ್ಲಿಲ್ಲ."

ಅವಳು ಚಟ್ಟನೆ ಅವನ ಕಡೆ ತಿರುಗಿದಳು.

"ಸೋಮವಾರ ನಿಮ್ಮ ಕೆಲಸ ನಿಮಗೆ ವಾಪಸ್ ಸಿಗತ್ತೆ. ಇದು ನನ್ನ ಮಾತು."

ಆದರೆ ಮೇಲಧಿಕಾರಿ ಬ್ಯಾಮುಗಿಶಾ ಆಗಲ್ಲವೆಂದು ಅಡ್ಡಡ್ಡ ತಲೆಯಾಡಿಸಿಬಿಟ್ಟರು.

"ನಿನ್ನ ನಿಯಮ ನೈರೋಬಿ ಹೆಡ್ಡಾಫೀಸಿನವರಿಗೆ ಭಾರೀ ಹಿಡಿಸಿದೆ ನಸ್ಸಾಲಿ. ಅಲ್ಲಿ ದೊಡ್ಡ ಹುದ್ದೆಗೆ ನಿನ್ನನ್ನೇ ಕರೀತಿದ್ದಾರೆ. ಈಗ ನಿಯಮಾನೇ ತಪ್ಪು ಅಂದ್ರೆ ಆ ಹುದ್ದೆ ಕೈಬಿಟ್ಟ ಹಾಗೇ. ಒಬ್ಬ ಸವಾರನಿಗೋಸ್ಕರ ಬೇಕಾ? ಸೋಮವಾರದ ಮೀಟಿಂಗಲ್ಲಿ ಸುಮ್ನಿರು."

ಸುದ್ದಿಗೆ ಬೋಡಾಕ್ಕಿಂತ ವೇಗ. ಸಂಜೆಯೊಳಗೆ ಲುಬೇಗನ ಫೋನು ಬಂತು.

"ನೈರೋಬಿಗೆ ಹೊರಟಿದೀರಂತೆ. ಶುಭವಾಗ್ಲಿ ಮೇಡಂ. ನಮ್ಮ ಬೆನ್ನು ತುಳಿದು ಮೇಲೆ ಹೋದವರಲ್ಲಿ ನೀವು ಮೊದಲನೆಯವರೇನಲ್ಲ."

"ಲುಬೇಗ, ಒಂದು ನಿಮಿಷ ಕೇಳಿ..."

ಫೋನ್ ಕಟ್ಟಾಗಿತ್ತು. ಅವಳು ಅತ್ತಳು. ನೈರೋಬಿ ಅವಳ ಐದು ವರ್ಷದ ಕನಸು. ಆದರೆ ಅಳು ಬಂದದ್ದು ಅದಕ್ಕಲ್ಲ. ಅವನ ಕಣ್ಣಿಗೆ ತಾನು ಸಣ್ಣವಳಾದೆನಲ್ಲಾ ಎಂದು!

ಸೋಮವಾರ ಮೀಟಿಂಗ್. ಪರದೆಯ ಮೇಲೆ ನೈರೋಬಿಯ ಐದು ಮುಖಗಳು. ನಸ್ಸಾಲಿ ಎದ್ದು ನಿಂತಳು.

"ನಾನು ಮಾಡಿದ ನಿಯಮ ತಪ್ಪು. ಆ ಕೆಂಪು ಚುಕ್ಕೆಗಳಲ್ಲಿ ಕಳ್ಳತನ ಇಲ್ಲ. ಇಪ್ಪತ್ತಮೂರು ಗ್ರಾಹಕರಿಗೂ ನಾನೇ ಫೋನ್ ಮಾಡಿ ಕೇಳಿದೀನಿ. ಅಷ್ಟೂ ಜನಕ್ಕೆ ಪಾರ್ಸೆಲ್ ತಲುಪಿದೆ. ಅಂಗಡಿಯಲ್ಲಿ ಕೊಟ್ಟರೂ ಕೊಟ್ಟ ಹಾಗೇ ಅಂತ ಇವತ್ತೇ ಬದಲಾಯಿಸ್ತೀನಿ. ಕೆಲಸ ಕಳೆದುಕೊಂಡವರು ವಾಪಸ್ ಬರಬೇಕು."

ನೈರೋಬಿ ಹುದ್ದೆ ಬೇರೆಯವರ ಪಾಲಾಯಿತು. ನಿಯಮ ಬದಲಾಯಿತು. ಅವಳ ಕಂಪಾಲಾ ಕುರ್ಚಿಯೇನೋ ಅವಳಿಗೇ ಉಳಿಯಿತು.

ಮಧ್ಯಾಹ್ನ ಅವಳು ನೇರವಾಗಿ ಬಾಡಿಗೆ ಬೈಕುಗಳು ನಿಲ್ಲುವ ನಜ್ಜೇರಾ ಸ್ಟೇಜಿಗೆ ಹೋದಳು. ಹದಿನಾಲ್ಕು ಬೈಕು, ಹದಿನಾಲ್ಕು ಜೊತೆ ಕಣ್ಣು. ಸ್ಟೇಜಿನ ಅಧ್ಯಕ್ಷ ಮುದುಕ ಕಾಸುಲೆ ಕೈಯೆತ್ತಿದ.

"ನಮ್ಮ ಸ್ಟೇಜಿನ ಪದ್ಧತಿ ಗೊತ್ತಲ್ಲಮ್ಮಾ? ಸವಾರನಿಗೆ ಅನ್ಯಾಯ ಮಾಡಿದವರು ಎಲ್ಲರ ಮುಂದೆ ನಿಂತು ಒಪ್ಕೋಬೇಕು. ದಂಡ ಏನಂತ ಆ ಸವಾರ ಹೇಳ್ತಾನೆ."

"ಒಪ್ಕೋತೀನಿ. ವಿಚಾರಿಸದೇ ಒಬ್ಬ ಪ್ರಾಮಾಣಿಕನನ್ನ ಕಳ್ಳ ಅಂದೆ. ತಪ್ಪಾಯ್ತು ಲುಬೇಗ."

ಲುಬೇಗ ಬೈಕಿನಿಂದ ಇಳಿದ. ಮೀಟಿಂಗಿನ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ದಂಡ ಹೇಳೋ!" ಯಾರೋ ಕೂಗಿದರು. "ಎಲ್ಲರಿಗೂ ಸೋಡಾ ಹೇಳು!"

"ಸೋಡಾ ಬೇಡ." ಅವನು ಅವಳ ಮುಂದೆ ಬಂದು ನಿಂತ. "ಇವರ ಸೋದರತ್ತೆ ಯಾರು, ಎಲ್ಲಿರ್ತಾರೆ ಅಂತ ಹೇಳ್ಬೇಕು. ಅದೇ ದಂಡ."

ಸವಾರರು ಮುಖ ಮುಖ ನೋಡಿಕೊಂಡರು. ಕಂಪಾಲಾ ಇರುವ ಬುಗಾಂಡ ನಾಡಿನಲ್ಲಿ ಹುಡುಗಿಯ ಕೈ ಕೇಳುವವನು ಮೊದಲು ಹತ್ತಬೇಕಾದ್ದು ಅವಳ ಸೋದರತ್ತೆಯ ಮನೆ ಮೆಟ್ಟಿಲನ್ನೇ! ಮರುಕ್ಷಣ ಹದಿನಾಲ್ಕು ಹಾರನ್ನುಗಳು ಒಟ್ಟಿಗೆ ಬಡಿದುಕೊಂಡವು.

ನಸ್ಸಾಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗು ತಪ್ಪಿಸಿಕೊಂಡಿತು.

"ಮಸಾಕಾದಲ್ಲಿರ್ತಾರೆ... ನಮ್ಮತ್ತೆ ಭಾರೀ ಗಟ್ಟಿಗಿತ್ತಿ. ಒಬ್ಬನನ್ನ ಬಾಗಿಲಿಂದಾನೇ ವಾಪಸ್ ಕಳಿಸಿದ್ದಾರೆ."

"ಯಾಕೆ?"

"ನಮ್ಮ ಹುಡುಗೀನ ಯಾಕೆ ಇಷ್ಟಪಟ್ಟೆ ಅಂತ ಕೇಳಿದ್ರೆ, ಅವನಿಗೆ ಉತ್ತರಾನೇ ಬರ್ಲಿಲ್ಲವಂತೆ."

ಲುಬೇಗ ತಲೆ ತಗ್ಗಿಸಿ, ಅವಳಿಗಷ್ಟೇ ಕೇಳುವಂತೆ ಹೇಳಿದ. "ಗೆಲ್ಲೋ ಜಾಗದಲ್ಲಿ ನಿಂತು, ತಪ್ಪು ನಂದು ಅಂದಳಲ್ಲ, ಅದಕ್ಕೆ ಅಂತೀನಿ. ಸಾಕಾಗತ್ತಾ?"

ಅವಳ ಕಣ್ಣು ತುಂಬಿತು.

"ಅತ್ತೆಗೆ ಸಾಕೋ ಇಲ್ವೋ ಗೊತ್ತಿಲ್ಲ... ನನಗೆ ಸಾಕು."

"ಶನಿವಾರ ಹೋಗ್ಲಾ?"

"ಶನಿವಾರ ಯಾಕೋ... ನಾಳೆ ಹೋಗೋಕಾಗಲ್ವಾ ನಿನಗೆ?"